ಬೆಂಗಳೂರಿನ ಉದ್ಯಾನಗಳು ಮತ್ತು ನಮ್ಮೂರ ಗುಂಡುತೋಪು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯ ಮೊದಲನೇ ತಂಡದವನು. 1974ರಲ್ಲಿ ಎಂಟನೇ ತರಗತಿಗೆ ಸೇರಿ 1977ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಆಮೇಲೆ ತುಮಕೂರಿನಲ್ಲಿ ಡ್ರಾಫ್ಟ್ಸ್‌ಮನ್ ತರಬೇತಿ ಪಡೆದು, 1982ರಿಂದ ಮೂವತ್ತೊಂಬತ್ತು ವರ್ಷ ಬೆಂಗಳೂರಿನಲ್ಲಿ ಬಡಾವಣೆಗಳ ನಕ್ಷೆ ಬರೆಯುವ ಕೆಲಸ ಮಾಡಿದೆ. ಗಣಿತದ ಮೇಷ್ಟ್ರು ಸ್ಕೇಲು ಹಿಡಿದು ಗೆರೆ ಎಳೆಯುವುದನ್ನು ಇದೇ ಕಟ್ಟಡದಲ್ಲಿ ಕಲಿಸಿದರು. ಆ ಗೆರೆಯೇ ನನಗೆ ಅನ್ನ ಹಾಕಿತು. ಅವರು ಇವತ್ತು ವೇದಿಕೆಯ ಮೇಲಿದ್ದಾರೆ ಎನ್ನುವುದು ನನ್ನ ಪುಣ್ಯ.

ಸಮಿತಿಯವರು "ಬೆಂಗಳೂರಿನ ಬಗ್ಗೆ ಏನಾದರೂ ಹೇಳಿ" ಎಂದರು. ಬೆಂಗಳೂರಿನ ಬಗ್ಗೆ ಹೇಳುವುದಕ್ಕೆ ಈಗ ಯಾರೂ ಬೇಕಾಗಿಲ್ಲ. ನಮ್ಮೂರಿನ ಪ್ರತಿ ಮನೆಯಿಂದಲೂ ಒಬ್ಬರಲ್ಲ ಒಬ್ಬರು ಅಲ್ಲಿದ್ದೀರಿ. ಆದ್ದರಿಂದ ನಾನು ಬಲ್ಲ ಒಂದು ವಿಷಯವನ್ನಷ್ಟೇ ಆರಿಸಿಕೊಂಡಿದ್ದೇನೆ. ಕಳೆದ ನೂರು, ನೂರಿಪ್ಪತ್ತು ವರ್ಷಗಳಲ್ಲಿ ಆ ಊರಿನ ಬಡಾವಣೆಗಳು ಹೇಗೆ ಬೆಳೆದವು, ಅವುಗಳ ಜೊತೆಗೆ ಉದ್ಯಾನಗಳು ಹೇಗೆ ಬಂದವು, ಎಲ್ಲಿ ಉಳಿದವು, ಎಲ್ಲಿ ಹೋದವು ಎಂಬುದು. ಕೊನೆಯಲ್ಲಿ ನಮ್ಮೂರಿಗೆ ಸಂಬಂಧಪಟ್ಟ ಒಂದು ಮಾತಿದೆ. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ ಎಂದು ಬೇಕಾದರೂ ತಿಳಿದುಕೊಳ್ಳಿ.

ಮೊದಲು ಲಾಲ್‌ಬಾಗ್. 1760ರಲ್ಲಿ ಹೈದರ್ ಅಲಿ ಇದನ್ನು ಶುರು ಮಾಡಿದ. ಆಗ ಸುಮಾರು 40 ಎಕರೆ, ಈಗ 240 ಎಕರೆ. ನಮ್ಮ ಜಿಲ್ಲೆಯವರು ಹೆಮ್ಮೆ ಪಡುವ ವಿಷಯ ಒಂದಿದೆ. ಶಿರಾದಲ್ಲಿ ಮೊಗಲರ ಕಾಲದಲ್ಲಿ ಇದ್ದ ತೋಟವನ್ನು ನೋಡಿಯೇ ಹೈದರನಿಗೆ ಬೆಂಗಳೂರಿನಲ್ಲೂ ಅಂಥದ್ದೊಂದು ಮಾಡಬೇಕೆನ್ನಿಸಿತು ಎಂದು ಹೇಳುತ್ತಾರೆ. ಟಿಪ್ಪು ದೂರದೂರದ ದೇಶಗಳಿಂದ ಗಿಡ, ಬೀಜ ತರಿಸಿ ನೆಡಿಸಿದ. ಬ್ರಿಟಿಷರ ಕಾಲದಲ್ಲಿ ಜಾನ್ ಕ್ಯಾಮೆರಾನ್ ಎಂಬುವರು 1874ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ನೋಡಿಕೊಂಡರು. ಫಲಪುಷ್ಪ ಪ್ರದರ್ಶನ ನಡೆಯುವ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು ಅವರ ಕಾಲದಲ್ಲೇ. ಆದರೆ ದಿನನಿತ್ಯ ಮಣ್ಣು ಅಗೆದು, ನೀರು ಹಾಯಿಸಿ ಆ ತೋಟವನ್ನು ಉಳಿಸಿದವರು ಸುತ್ತಮುತ್ತಲಿನ ಹಳ್ಳಿಗಳ ತೋಟಗಾರರು, ಅದರಲ್ಲೂ ತಿಗಳ ಸಮುದಾಯದವರು. ಕರಗ ಹೊರುವ ಮನೆತನಗಳು ಈ ಸಮುದಾಯದ್ದೇ ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯ.

ಎರಡನೆಯದು ಕಬ್ಬನ್ ಪಾರ್ಕು. ಆಗ ಬೆಂಗಳೂರು ಎಂದರೆ ಒಂದು ಊರಲ್ಲ, ಎರಡು ಊರು. ಕೆಂಪೇಗೌಡರು ಕಟ್ಟಿದ ಪೇಟೆ ಒಂದು ಕಡೆ. 1809ರಲ್ಲಿ ಬ್ರಿಟಿಷರು ಸೈನ್ಯ ತಂದು ಇಳಿಸಿದ ದಂಡು ಇನ್ನೊಂದು ಕಡೆ. ಪೇಟೆಯ ಆಡಳಿತ ಬೇರೆ, ದಂಡಿನ ಆಡಳಿತ ಬೇರೆ. ಇವೆರಡರ ನಡುವಿನ ಬಯಲಿನಲ್ಲಿ 1870ರಲ್ಲಿ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಒಂದು ಉದ್ಯಾನ ಮಾಡಿಸಿದರು. ಮೊದಲು ಸುಮಾರು 100 ಎಕರೆ ಇದ್ದದ್ದು ಆಮೇಲೆ 300 ಎಕರೆಯವರೆಗೆ ಬೆಳೆಯಿತು. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರು. ಸರ್ಕಾರದ ಕಾಗದದಲ್ಲಿ ಆ ಹೆಸರಿದ್ದರೂ ಜನರ ಬಾಯಲ್ಲಿ ಇಂದಿಗೂ ಕಬ್ಬನ್ ಪಾರ್ಕೇ. ಈ ಎರಡು ತೋಟಗಳು ಬಡಾವಣೆಗಳಿಗಿಂತ ಮುಂಚೆ ಬಂದವು. ಒಂದು ಅರಸರ ತೋಟ, ಇನ್ನೊಂದು ಅಧಿಕಾರಿಗಳ ತೋಟ. ಸಾಮಾನ್ಯ ಜನರ ಮನೆ ಮುಂದಿನ ಪಾರ್ಕು ಬರುವುದಕ್ಕೆ ಒಂದು ದೊಡ್ಡ ರೋಗ ಬರಬೇಕಾಯಿತು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹಿರಿಯರ ಬಾಯಲ್ಲಿ ನೀವು ಕೇಳಿರುತ್ತೀರಿ, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಾಲ ಅದು. ಪೇಟೆಯ ಓಣಿಗಳು ಇಕ್ಕಟ್ಟು, ಮನೆಗೆ ಮನೆ ಅಂಟಿಕೊಂಡಿತ್ತು, ಗಾಳಿ ಬೆಳಕು ಇರಲಿಲ್ಲ, ಚರಂಡಿ ಇರಲಿಲ್ಲ. ಇಲಿ ಸತ್ತರೆ ಇಡೀ ಬೀದಿಯೇ ಖಾಲಿಯಾಗಬೇಕಿತ್ತು. ಊರನ್ನು ಹೊರಕ್ಕೆ ಹರಡಬೇಕು ಎಂಬ ಯೋಚನೆ ಅದಕ್ಕೂ ಮೊದಲೇ ಶುರುವಾಗಿತ್ತು. ಚಾಮರಾಜಪೇಟೆ 1892ರಲ್ಲೇ ಆಗಿತ್ತು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರ ಬೇಗಬೇಗ ತುಂಬಿದವು. ಈ ಬಡಾವಣೆಗಳ ಹಳೆಯ ನಕ್ಷೆಯನ್ನು ಬಿಡಿಸಿಟ್ಟುಕೊಂಡು ನೋಡಿದರೆ ಪ್ಲೇಗಿನ ಭಯ ಕಣ್ಣಿಗೆ ಕಾಣುತ್ತದೆ. ಅಗಲವಾದ ನೇರ ರಸ್ತೆಗಳು. ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಕಿರಿದಾದ ಹಿಂದೋಣಿ. ಪ್ರತಿ ಮನೆಗೂ ಸುತ್ತ ಖಾಲಿ ಜಾಗ. ನಡುವೆ ಪಾರ್ಕಿಗೆ ಜಾಗ. ಪಾರ್ಕು ಅಲಂಕಾರಕ್ಕೆ ಬಂದದ್ದಲ್ಲ, ಜನ ಬದುಕಿ ಉಳಿಯಲಿ ಎಂದು ಬಂದದ್ದು.

ಒಂದು ಮಾತು ಮುಚ್ಚಿಡಬಾರದು. ಆ ಬಡಾವಣೆಗಳಲ್ಲಿ ಯಾರಿಗೆ ಎಲ್ಲಿ ನಿವೇಶನ ಎಂಬುದರಲ್ಲಿ ಜಾತಿಯ ಲೆಕ್ಕ ಇತ್ತು. ಹಿಂದೋಣಿ ಗುಡಿಸುವವರಿಗೆ ಮುಂದಿನ ಬೀದಿಯಲ್ಲಿ ಮನೆ ಇರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಎಲ್ಲರೂ ಕೂರುವುದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು. ಬಡಾವಣೆಯ ಚಂದವನ್ನು ಹೊಗಳುವಾಗ ಇದನ್ನೂ ನೆನಪಿಡಬೇಕು.

ಇದೇ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಬಂತು. 1974ರಲ್ಲಿ, ಅಂದರೆ ನಮ್ಮ ಶಾಲೆ ಶುರುವಾದ ವರ್ಷವೇ, ಕಾವೇರಿ ಬಂದಳು. ನಲ್ಲಿ ತಿರುಗಿಸಿದರೆ ನೀರು ಬರುವುದು ದೊಡ್ಡ ಅನುಕೂಲ. ಆದರೆ ಇದರಿಂದ ಒಂದು ಆಗಬಾರದ್ದೂ ಆಯಿತು. ದೂರದಿಂದ ನೀರು ಬರುವಾಗ ಊರ ನಡುವಿನ ಕೆರೆಯ ಹೂಳು ಯಾರು ತೆಗೆಯುತ್ತಾರೆ? ಏರಿ ಯಾರು ಕಾಯುತ್ತಾರೆ? ಕೆರೆ ಬೇಡವಾಯಿತು, ಬೇಡವಾದದ್ದು ಕೊಳೆಯಾಯಿತು, ಕೊಳೆಯಾದದ್ದನ್ನು ಮುಚ್ಚಿದರು. ಸಂಪಂಗಿ ಕೆರೆಯ ಜಾಗದಲ್ಲಿ ಇವತ್ತು ಕಂಠೀರವ ಕ್ರೀಡಾಂಗಣ ಇದೆ. ಕರಗದ ಶಾಸ್ತ್ರಕ್ಕೆಂದು ಪಕ್ಕದಲ್ಲಿ ಒಂದು ಸಣ್ಣ ಹೊಂಡ ಮಾತ್ರ ಉಳಿದಿದೆ. ಕೋರಮಂಗಲದ ಒಂದು ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮದ ವಸತಿ ಸಮುಚ್ಚಯ ಎದ್ದಿದೆ. ಇನ್ನು ಧರ್ಮಾಂಬುಧಿ ಕೆರೆ. ನೀವು ಕುಣಿಗಲ್ಲಿನಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತೀರಲ್ಲ, ಆ ಬಸ್ ನಿಲ್ದಾಣ ಇರುವುದು ಆ ಕೆರೆಯ ಅಂಗಳದಲ್ಲಿ. ಜೋರು ಮಳೆ ಬಂದಾಗ ಆ ಭಾಗದಲ್ಲಿ ನೀರು ನಿಂತರೆ ಬೈಯಬೇಡಿ. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬಂದಿರುತ್ತದೆ.

ಈಗ ಮರಗಳ ವಿಷಯ. 1908ರಲ್ಲಿ ಲಾಲ್‌ಬಾಗಿಗೆ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರರು ಬಂದರು. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದಲ್ಲಿದ್ದು, ಆಮೇಲೆ ಮೈಸೂರು ಸಂಸ್ಥಾನಕ್ಕೆ ಬಂದವರು. ಯುದ್ಧದ ಕಾಲದಲ್ಲಿ ಜರ್ಮನಿಯವರು ಎಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟದ್ದೂ ಉಂಟು. ಆದರೂ ಈ ನಾಡು ಬಿಡಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಸಮಾಧಿಯೂ ಅಲ್ಲೇ ಇದೆ. ರಸ್ತೆ ಬದಿಯ ಮರಗಳಲ್ಲಿ ವರ್ಷವಿಡೀ ಒಂದಾದ ಮೇಲೊಂದು ಹೂವಿರಬೇಕು ಎಂಬುದು ಅವರ ಲೆಕ್ಕ. ಒಂದು ಬೀದಿಗೆ ಒಂದು ಜಾತಿಯ ಮರ. ಒಂದು ಬೀದಿಯ ಹೂವು ಉದುರುವಾಗ ಪಕ್ಕದ ಬೀದಿ ಅರಳಬೇಕು. ಚಳಿ ಮುಗಿಯುವಾಗ ಗುಲಾಬಿ ಬಣ್ಣದ ಟಬೂಬಿಯಾ, ಆಮೇಲೆ ನೇರಳೆ ಬಣ್ಣದ ಜಕರಂಡ, ಏಪ್ರಿಲ್ ಮೇ ಹೊತ್ತಿಗೆ ಗುಲ್‌ಮೊಹರ್ ಮತ್ತು ಕಕ್ಕೆ, ವರ್ಷದ ಕೊನೆಗೆ ಆಕಾಶಮಲ್ಲಿಗೆ. ಶಿವರಾತ್ರಿಯಿಂದ ಯುಗಾದಿಯವರೆಗೆ ಬೆಂಗಳೂರಿನಲ್ಲಿ ಓಡಾಡಿದವರಿಗೆ ಇದು ಅರ್ಥವಾಗುತ್ತದೆ.

ಅವರ ನಂತರ 1932ರಲ್ಲಿ ಎಚ್.ಸಿ. ಜವರಾಯರು ಬಂದರು. ಮುಂದೆ ಡಾ. ಎಂ.ಎಚ್. ಮರೀಗೌಡರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅದರ ಚುಕ್ಕಾಣಿ ಹಿಡಿದವರು ಅವರು. ಲಾಲ್‌ಬಾಗಿನ ವಿದ್ಯೆಯನ್ನು ರಾಜ್ಯದ ಉದ್ದಗಲಕ್ಕೆ ತೋಟಗಾರಿಕೆ ಕ್ಷೇತ್ರ, ಸಸ್ಯಾಗಾರಗಳ ಮೂಲಕ ಹಳ್ಳಿಗೆ ಇಳಿಸಿದರು. ಖುಷ್ಕಿ ಜಮೀನಿನಲ್ಲೂ ಮಾವು, ಗೇರು, ಸಪೋಟ ಬೆಳೆಯಬಹುದು ಎಂದು ರೈತರಿಗೆ ತೋರಿಸಿಕೊಟ್ಟರು. ನಮ್ಮ ಸುತ್ತಿನ ಹೊಲದ ಬದುಗಳಲ್ಲಿ ಕಸಿ ಮಾವಿನ ಗಿಡ ಇದ್ದರೆ ಅದಕ್ಕೂ ಲಾಲ್‌ಬಾಗಿಗೂ ಒಂದು ನಂಟಿದೆ ಎಂದೇ ಹೇಳಬೇಕು.

ಸ್ವಾತಂತ್ರ್ಯದ ಹೊತ್ತಿಗೆ ಊರು ಮತ್ತೆ ಉಬ್ಬತೊಡಗಿತು. 1940ರಲ್ಲಿ ವಿಮಾನ ಕಾರ್ಖಾನೆ, ಆಮೇಲೆ ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಒಂದೊಂದಾಗಿ ಬಂದವು. ನಮ್ಮ ಕಡೆಯ ಎಷ್ಟು ಜನ ಆ ಕಾರ್ಖಾನೆಗಳ ಬಸ್ಸು ಹತ್ತಿ ಸಂಸಾರ ಕಟ್ಟಿಕೊಂಡರೋ! 1941ರಲ್ಲಿ ಸುಮಾರು 4 ಲಕ್ಷ ಇದ್ದ ಜನ 1951ಕ್ಕೆ ಸುಮಾರು 7.8 ಲಕ್ಷ ಆದರು. 1945ರಲ್ಲಿ ಬಡಾವಣೆ ಮಾಡುವುದಕ್ಕೆಂದೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮರುವರ್ಷ ರಾಜಾಜಿನಗರ. ಅದೇ 1949ರಲ್ಲಿ ಪೇಟೆಯೂ ದಂಡೂ ಸೇರಿ ಒಂದೇ ನಗರಪಾಲಿಕೆಯಾಯಿತು. ಜಯನಗರದ ಒಂದೊಂದು ಬ್ಲಾಕಿಗೂ ಅಂಗಡಿ ಸಾಲು, ಶಾಲೆ, ಆಟದ ಮೈದಾನ, ಪಾರ್ಕು ಎಂದು ಮೊದಲೇ ಗುರುತು ಹಾಕಿದ್ದರು. ಮನೆ ಕಟ್ಟುವ ಮೊದಲೇ ಮಕ್ಕಳು ಎಲ್ಲಿ ಆಡಬೇಕು ಎಂದು ಯೋಚಿಸಿದ್ದರು ಎಂಬುದು ಈಗ ಆಶ್ಚರ್ಯವೆನಿಸುತ್ತದೆ.

1976ರಲ್ಲಿ ಆ ಮಂಡಳಿಯ ಜಾಗಕ್ಕೆ ಬಿ.ಡಿ.ಎ. ಬಂತು. ಅದರ ಕಾಯ್ದೆಯಲ್ಲಿ ಒಂದು ನಿಯಮ ಇದೆ. ಬಡಾವಣೆಯ ಒಟ್ಟು ಜಾಗದಲ್ಲಿ ಶೇಕಡ 15ಕ್ಕೆ ಕಡಿಮೆ ಇಲ್ಲದಂತೆ ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ಅದಲ್ಲದೆ ಶೇಕಡ 10 ನಾಗರಿಕ ಸೌಲಭ್ಯಕ್ಕೆ. ನಕ್ಷೆಯಲ್ಲಿ ಪಾರ್ಕಿಗೆ ಹಸಿರು ಬಣ್ಣ ತುಂಬುವ ಕೆಲಸ ನನ್ನಂಥವರದ್ದು. ಎಷ್ಟು ಡಬ್ಬಿ ಹಸಿರು ಶಾಯಿ ಖರ್ಚು ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಊರು ಬೆಳೆದ ವೇಗಕ್ಕೆ ಈ ಕ್ರಮಬದ್ಧ ಬಡಾವಣೆಗಳು ಸಾಲಲಿಲ್ಲ. ಹೊಲವನ್ನು ಹಾಗೆಯೇ ಮೂವತ್ತು ನಲವತ್ತರ ನಿವೇಶನ ಮಾಡಿ ಮಾರುವ ರೆವಿನ್ಯೂ ಲೇಔಟುಗಳು ಹುಟ್ಟಿದವು. ಅಲ್ಲಿ ಹದಿನೈದಿಲ್ಲ, ಹತ್ತಿಲ್ಲ. ಬಡವರಿಗೆ, ನಮ್ಮ ಹಳ್ಳಿಯಿಂದ ಹೋದವರಿಗೆ ಕೈಗೆಟುಕಿದ್ದು ಅವೇ. ಅಲ್ಲಿ ಬೆಳೆದ ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡಿದರು.

1980ರ ದಶಕದಲ್ಲಿ ಒಂದು ಒಳ್ಳೆಯ ಕೆಲಸ ನಡೆಯಿತು. ಎಸ್.ಜಿ. ನೇಗಿನಹಾಳ ಎಂಬ ಅರಣ್ಯಾಧಿಕಾರಿಯ ಮುಂದಾಳತ್ವದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ನಾನು ಕೆಲಸಕ್ಕೆ ಸೇರಿದ ಹೊಸತು. ನಡೆದು ಹೋಗುತ್ತಿದ್ದ ದಾರಿಯಲ್ಲಿ ಬೇಲಿ ಕಟ್ಟಿದ ಸಸಿಗಳು ನನ್ನ ಎದೆಮಟ್ಟ ಇದ್ದವು. ನಿವೃತ್ತಿಯಾಗುವಾಗ ಅವು ಮೂರಂತಸ್ತಿನ ಮನೆಗಳ ಮೇಲೆ ನೆರಳು ಚೆಲ್ಲುತ್ತಿದ್ದವು. ಒಬ್ಬ ಮನುಷ್ಯನ ನೌಕರಿಯ ಅವಧಿಯಲ್ಲಿ ಒಂದು ಮರ ಎಷ್ಟು ದೊಡ್ಡದಾಗುತ್ತದೆ ಎಂದು ಮಕ್ಕಳಿಗೆ ಹೇಳಲಿಕ್ಕೆ ನನಗೆ ಬೇರೆ ಉದಾಹರಣೆ ಬೇಡ.

ಇನ್ನು ಪಾರ್ಕು ಉಳಿದ ಕಥೆ. ಸದಾಶಿವನಗರದ ಕಡೆ ಒಂದು ಬಡಾವಣೆಯಲ್ಲಿ ನಕ್ಷೆಯಲ್ಲಿ ಪಾರ್ಕು ಎಂದು ತೋರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಕೊಟ್ಟರು. ಆಸ್ಪತ್ರೆಯೂ ಜನರಿಗೇ ಅಲ್ಲವೇ ಎಂಬ ವಾದ ಬಂತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟು ಪಾರ್ಕಿಗೆ ಬಿಟ್ಟ ಜಾಗ ಪಾರ್ಕಾಗಿಯೇ ಇರಬೇಕು ಎಂದು ತೀರ್ಪು ಕೊಟ್ಟಿತು. ಆ ಸುತ್ತಿನಲ್ಲಿ ವಾಸ ಮಾಡುವ ಯಾರಾದರೂ ಅದನ್ನು ಪ್ರಶ್ನಿಸಬಹುದು ಎಂದೂ ಹೇಳಿತು. ದೇಶದ ಎಲ್ಲ ಕಡೆ ಇವತ್ತಿಗೂ ವಕೀಲರು ಈ ತೀರ್ಪನ್ನು ಎತ್ತಿ ಹೇಳುತ್ತಾರೆ. ಅದಕ್ಕೂ ಮೊದಲೇ, 1985ರಲ್ಲಿ, ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ನಮ್ಮ ರಾಜ್ಯ ಒಂದು ಕಾಯ್ದೆಯನ್ನೂ ಮಾಡಿತ್ತು.

ಜನ ಸುಮ್ಮನಿರಲಿಲ್ಲ ಎಂಬುದಕ್ಕೆ ಇನ್ನೂ ಉದಾಹರಣೆ ಇವೆ. 2009ರಲ್ಲಿ ಮೆಟ್ರೋಗಾಗಿ ಜಯನಗರದ ನಂದಾ ರಸ್ತೆಯ ಪಾರ್ಕಿನ ಮರ ಕಡಿಯುವಾಗ ಪ್ರತಿಭಟಿಸಿದರು, ಮರಗಳು ಹೋದವು. 2016ರಲ್ಲಿ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಎಂಟುನೂರಕ್ಕೂ ಹೆಚ್ಚು ಮರ ಕಡಿಯಬೇಕು ಎಂದಾಗ ಜನ ರಸ್ತೆಯಲ್ಲಿ ಸಾಲಾಗಿ ನಿಂತರು. ಮರುವರ್ಷ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಹೋರಾಡಿದಾಗಲೆಲ್ಲ ಗೆಲುವು ಸಿಗುವುದಿಲ್ಲ. ಆದರೆ ಉಳಿದಿರುವ ಪಾರ್ಕುಗಳ ಪೈಕಿ ಯಾರೂ ಕೇಳದೆ ತಾನಾಗಿ ಉಳಿದದ್ದು ನನ್ನ ಅನುಭವದಲ್ಲಿ ಕಡಿಮೆ.

ನನ್ನ ಅನುಭವದ್ದೇ ಎರಡು ಸಂಗತಿ ಹೇಳುತ್ತೇನೆ, ಜಾಗದ ಹೆಸರು ಬೇಡ. ಒಂದು ಬಡಾವಣೆಯಿಂದ ನಾಲ್ಕು ಜನ ಗೃಹಿಣಿಯರು ನಮ್ಮ ಕಚೇರಿಗೆ ಬಂದರು. "ಅಣ್ಣಾ, ನಮ್ಮ ಬೀದಿ ಕೊನೆಯ ಖಾಲಿ ಜಾಗ ಏನು ಅಂತ ನಕ್ಷೇಲಿ ನೋಡಿ ಹೇಳ್ತೀರಾ?" ಎಂದರು. ನೋಡಿದರೆ ಹಸಿರು ಬಣ್ಣ. ದೃಢೀಕರಿಸಿದ ನಕಲಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಎರಡು ತಿಂಗಳು ಓಡಾಡಿ ತೆಗೆದುಕೊಂಡು ಹೋದರು. ಆ ಕಾಗದದ ಬಲದಿಂದ ಬೇಲಿ ಹಾಕಿಸಿದರು. ಇವತ್ತು ಅಲ್ಲಿ ಹೊಂಗೆ ಮರಗಳಿವೆ, ಮಕ್ಕಳ ಜೋಕಾಲಿ ಇದೆ. ಇನ್ನೊಂದು ಬಡಾವಣೆಯವರು ಹತ್ತು ವರ್ಷ ತಡವಾಗಿ ಬಂದರು. ಆ ನಕ್ಷೆಯಲ್ಲೂ ಹಸಿರು ಇತ್ತು. ನೆಲದ ಮೇಲೆ ಮೂರಂತಸ್ತಿನ ಕಲ್ಯಾಣ ಮಂಟಪ ಇತ್ತು. ಎರಡೂ ನಕ್ಷೆಗೆ ಬಣ್ಣ ತುಂಬಿದ ಕೈ ಒಂದೇ. ವ್ಯತ್ಯಾಸ ಆದದ್ದು ಕೇಳಿದವರಿಂದ ಮತ್ತು ಕೇಳಿದ ಸಮಯದಿಂದ.

1901ರಲ್ಲಿ ಪೇಟೆ, ದಂಡು ಎರಡೂ ಸೇರಿ ಸುಮಾರು 1.6 ಲಕ್ಷ ಇದ್ದ ಜನ 2011ರ ಗಣತಿಗೆ ಸುಮಾರು 85 ಲಕ್ಷ ಆದರು. 2007ರಲ್ಲಿ ಸುತ್ತಲಿನ ಪುರಸಭೆ, ನಗರಸಭೆಗಳ ಜೊತೆಗೆ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ ಹಳ್ಳಿಗಳಲ್ಲಿ ಏನೇನು ಇತ್ತು? ನಮ್ಮೂರಲ್ಲಿ ಇರುವುದೇ ಇತ್ತು. ಕೆರೆ, ಕಟ್ಟೆ, ಗೋಮಾಳ, ಅರಳಿಕಟ್ಟೆ, ಗುಂಡುತೋಪು. ಮಾವು, ಹುಣಸೆ, ನೇರಳೆ, ಹಲಸು ಇದ್ದ ಗುಂಡುತೋಪುಗಳು ಹಳ್ಳಿಯವರ ಪಾರ್ಕು. ದಾರಿಹೋಕರು ಗಾಡಿ ಬಿಟ್ಟು ತಂಗುವ ಜಾಗ, ದನ ನೆರಳಿಗೆ ನಿಲ್ಲುವ ಜಾಗ, ಜಾತ್ರೆಯಲ್ಲಿ ಅಡುಗೆ ಮಾಡುವ ಜಾಗ. ಊರು ನಗರದೊಳಗೆ ಸೇರಿದಾಗ ಅವುಗಳಲ್ಲಿ ಬಹಳಷ್ಟು ಮಾಯವಾದವು. ಖಾಲಿ ಸರ್ಕಾರಿ ಜಾಗ ಎಂದು ಆಸ್ಪತ್ರೆಗೋ, ಕಚೇರಿಗೋ, ಬಸ್ ನಿಲ್ದಾಣಕ್ಕೋ ಕೊಟ್ಟರು. ಉಳಿದದ್ದನ್ನು ಒತ್ತುವರಿ ನುಂಗಿತು. ಆಮೇಲೆ ಅದೇ ಊರಿನಲ್ಲಿ ಪಾರ್ಕಿಗೆ ಜಾಗ ಇಲ್ಲ ಎಂದು ಅರ್ಜಿ ಬರೆದರು.

ಈಗ ನಮ್ಮೂರಿಗೆ ಬರುತ್ತೇನೆ.

ಈ ಶಾಲೆಯ ಹಿಂದೆ ಗುಂಡುತೋಪು ಇದೆ. ನಾವು ಓದುವಾಗ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದದ್ದು ಅಲ್ಲೇ, ವನಮಹೋತ್ಸವಕ್ಕೆ ಮೇಷ್ಟ್ರು ಗುಂಡಿ ತೆಗೆಸುತ್ತಿದ್ದದ್ದೂ ಅಲ್ಲೇ. ಪಹಣಿಯಲ್ಲಿ ಅದು 3 ಎಕರೆ 12 ಗುಂಟೆ. ಕಳೆದ ತಿಂಗಳು ನಾನು ಮತ್ತು ನನ್ನ ಸಹಪಾಠಿಗಳಿಬ್ಬರು ಟೇಪು ಹಿಡಿದು ಸುಮ್ಮನೆ ಒಂದು ಸುತ್ತು ಅಳೆದೆವು. ಮರಗಳಿರುವ ಜಾಗ ಈಗ ಎರಡೂವರೆ ಎಕರೆಗೂ ಕಡಿಮೆ. ಮರ 41 ಇವೆ. ಯಾರು ಒತ್ತಿದರು ಎಂದು ನಾನು ಕೇಳುತ್ತಿಲ್ಲ. ಬೇಲಿ ಇಲ್ಲದ ಕಡೆ ಉಳುವವನ ನೇಗಿಲು ವರ್ಷಕ್ಕೆ ಒಂದು ಗೇಣು ಸರಿಯುತ್ತದೆ, ಅದು ಎಲ್ಲ ಊರಿನ ಕಥೆ.

ಆದರೆ ಈಗ ಕಾಲ ಬೇರೆ. ಹೆದ್ದಾರಿ ಅಗಲವಾದ ಮೇಲೆ ಬೆಂಗಳೂರು ನಮಗೆ ಎರಡು ಗಂಟೆಯೂ ದೂರವಿಲ್ಲ. ರಸ್ತೆಯ ಎರಡೂ ಬದಿ ಲೇಔಟುಗಳ ಬೋರ್ಡು ನಿಂತಿವೆ. ಗುಂಡುತೋಪಿನಲ್ಲಿ ಅಂಗಡಿ ಮಳಿಗೆ ಕಟ್ಟಿದರೆ ಪಂಚಾಯಿತಿಗೆ ಬಾಡಿಗೆ ಬರುತ್ತದೆ ಎಂಬ ಮಾತು ಈಗಾಗಲೇ ಊರಿನಲ್ಲಿ ಓಡಾಡುತ್ತಿದೆ. ಹಾಗೆ ಹೇಳುವವರು ಊರಿನ ಕೆಡುಕು ಬಯಸುವವರಲ್ಲ, ಅವರಲ್ಲಿ ನನ್ನ ನೆಂಟರೂ ಇದ್ದಾರೆ. ಪಂಚಾಯಿತಿಗೆ ಆದಾಯ ಬೇಕು ಎಂಬುದು ನಿಜ. ಮಳಿಗೆ ಕಟ್ಟಲು ಹೆದ್ದಾರಿಯ ಪಕ್ಕದಲ್ಲಿ ಬೇರೆ ಜಾಗ ಹುಡುಕಬಹುದು. ನೂರು ವರ್ಷದ ಹುಣಸೆ ಮರವನ್ನು ಬೇರೆ ಕಡೆ ಹುಡುಕಲಿಕ್ಕಾಗದು.

ನನ್ನ ಕೋರಿಕೆ ಮೂರು. ಒಂದು, ಗ್ರಾಮಸಭೆಯಲ್ಲಿ ಗುಂಡುತೋಪು ಗುಂಡುತೋಪಾಗಿಯೇ ಇರಬೇಕು ಎಂದು ಠರಾವು ಮಾಡಿ ನಡಾವಳಿಯಲ್ಲಿ ಬರೆಸಿರಿ. ಎರಡು, ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ಹದ್ದುಬಸ್ತು ಮಾಡಿಸಿರಿ, ಕಲ್ಲು ನೆಡಿಸಿರಿ. ಇದರ ಓಡಾಟಕ್ಕೆ ನಾನಿದ್ದೇನೆ, ನನಗೆ ಈಗ ಬೇರೆ ಕೆಲಸವಿಲ್ಲ. ಮೂರು, ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ವರ್ಷ ಮರಗಳನ್ನು ಎಣಿಸಿ, ಜಾತಿ, ಸುತ್ತಳತೆ ಬರೆದು ಒಂದು ಪುಸ್ತಕದಲ್ಲಿ ಇಡಲಿ. ವಿಜ್ಞಾನದ ಪಾಠವೂ ಆಯಿತು, ಊರಿಗೆ ದಾಖಲೆಯೂ ಆಯಿತು. ಮೊದಲ ವರ್ಷದ ಪುಸ್ತಕವನ್ನು ನಮ್ಮ ತಂಡ ಮಾಡಿದೆ. 41 ಮರಗಳ ಪಟ್ಟಿಯನ್ನೂ, ಗುಂಡುತೋಪಿನ ನಕ್ಷೆಯನ್ನೂ ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ನಕ್ಷೆಗೆ ಹಸಿರು ಬಣ್ಣವನ್ನು ನಾನೇ ತುಂಬಿದ್ದೇನೆ.

ಕಲ್ಲು ನೆಟ್ಟ ಮೇಲೆ ಖಾಲಿಯಾಗಿರುವ ಕಡೆ ಹೊಸ ಗಿಡ ಇಡಬೇಕು. ಮಾವು, ನೇರಳೆ, ಹೊಂಗೆಯ 60 ಸಸಿಗಳ ಖರ್ಚನ್ನು 1977ರ ತಂಡದವರು ವಹಿಸಿಕೊಳ್ಳುತ್ತೇವೆ. ಮೂರು ಬೇಸಿಗೆ ನೀರು ಹಾಕುವ ಜವಾಬ್ದಾರಿಯನ್ನು ಉಳಿದ ತಂಡಗಳು ಹಂಚಿಕೊಳ್ಳಲಿ. ಗುಂಡಿ ತೆಗೆಯುವುದು ಮುಂಗಾರಿನ ಮೊದಲ ಮಳೆಯ ನಂತರದ ಭಾನುವಾರ. ಗುದ್ದಲಿ, ಹಾರೆ ಇದ್ದವರು ತನ್ನಿರಿ. ತಿಂಡಿಯ ವ್ಯವಸ್ಥೆ ನಮ್ಮದು.